ಉಕ್ಕಿನ ಹದ

‘ಹದ’ ಎಂಬ ಶಬ್ದದ ಅರ್ಥವನ್ನು ತರಗತಿಯಲ್ಲಿ ವಿವರಿಸುವಾಗ ಹೊಲದ ಹದ, ಪಾಕದ ಹದ, ಕಬ್ಬಿಣದ ಹದ ಎಂದು ಉದಾಹರಿಸುವುದು ನನ್ನ ರೂಢಿ. ಕುಲುಮೆಯನ್ನೇ ಕಾಣದ ಇಂದಿನ ಮಕ್ಕಳಿಗೆ ಮೂರನೆಯದು ಬರಿಯ ಮಾತು. ಆದರೆ ಆ ವಿದ್ಯೆ ನಮ್ಮ ನೆರೆಯ ಯಲಹಂಕದಲ್ಲಿಯೇ ಬೃಹತ್ ಪ್ರಮಾಣದಲ್ಲಿ ನಡೆಯುತ್ತಿದೆ.

ಕಾಸಿದ ಆಯುಧವನ್ನು ದ್ರವದಲ್ಲಿ ಅದ್ದುವುದಕ್ಕೆ ಪ್ರಾಚೀನರು ‘ಪಾನ’ ಎಂದರು. ಬಾಳೆಯ ಕ್ಷಾರಕ್ಕೆ ಮಜ್ಜಿಗೆ ಬೆರೆಸಿ ಒಂದು ದಿನವಿರಿಸಿದ ದ್ರವವನ್ನು ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹೇಳಿದ್ದಾನೆ. 1984ರಲ್ಲಿ ಆರಂಭವಾಗಿ ಈಗ ರೈಲು ಗಾಲಿ ಕಾರ್ಖಾನೆ ಎನಿಸಿರುವ ಯಲಹಂಕದ ಸ್ಥಾವರದಲ್ಲಿ ಈ ಪಾನಕ್ಕೆ ನೀರೇ ಸಾಕು.

ಅಲ್ಲಿ ಹಳೆಯ ಉಕ್ಕಿನ ಚೂರುಗಳನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚುಗಳಿಗೆ ಒತ್ತಡದಿಂದ ಏರಿಸಿ ಗಾಲಿಗಳನ್ನು ಎರಕ ಹೊಯ್ಯುತ್ತಾರೆ. ಬಳಿಕ ಗಾಲಿಯನ್ನು ಮತ್ತೆ ಕೆಂಪಗೆ ಕಾಸಿ ಹೊರಬಳೆಗೆ, ಎಂದರೆ ನೇಮಿಗೆ, ಮಾತ್ರ ನೀರು ಚಿಮ್ಮಿಸುತ್ತಾರೆ. ನಿಧಾನವಾಗಿ ಆರಿದ ಉಕ್ಕಿನಲ್ಲಿ ಮೃದು ಕಬ್ಬಿಣ ಮತ್ತು ಗಡಸು ಕಾರ್ಬೈಡ್‌ಗಳ ಪದರಗಳು ದಪ್ಪವಾಗಿರುತ್ತವೆ; ಬೇಗ ಆರಿದರೆ ತೆಳುವಾಗಿ, ಉಕ್ಕು ಸವೆತಕ್ಕೆ ಜಗ್ಗದಂತಾಗುತ್ತದೆ. ಅತಿಯಾಗಿ ಬೇಗ ಆರಿದರೆ ಗಾಜಿನಂತೆ ಭಿದುರ. ಆದುದರಿಂದಲೇ ಅನಂತರ ಮತ್ತೊಮ್ಮೆ ಮಿತವಾಗಿ ಕಾಸಿ ಹದಗೊಳಿಸುವರು.

ಇದರಲ್ಲಿ ಇನ್ನೊಂದು ಜಾಣ್ಮೆಯಿದೆ. ನೇಮಿಯು ಮೊದಲೇ ತಣಿದು ಗಟ್ಟಿಯಾಗಿರುವಾಗ ಬಿಸಿಯಾಗಿಯೇ ಉಳಿದ ನಡುಫಲಕವೂ ನಾಭಿಯೂ ತಡವಾಗಿ ಕುಗ್ಗುತ್ತ ನೇಮಿಯನ್ನು ಒಳಕ್ಕೆ ಸೆಳೆಯುತ್ತವೆ. ಹೀಗೆ ನೇಮಿಯಲ್ಲಿ ನಿತ್ಯವೂ ಒಂದು ಅದುಮು ಉಳಿಯುತ್ತದೆ. ಬಿರುಕು ಹುಟ್ಟಿದರೂ ಅದು ಬಾಯಿ ಬಿಡಲಾರದು. ಬಂಡಿಯ ಮರದ ಗಾಲಿಗೆ ಕಾಯ್ದ ಕಬ್ಬಿಣದ ಪಟ್ಟಿ ತೊಡಿಸುವುದನ್ನು ಕಂಡವರಿಗೆ ಇದು ಹೊಸತೆನಿಸದು, ಅಲ್ಲಿ ಅದುಮುವುದು ಹೊರಗಿನ ಪಟ್ಟಿ ಎಂಬುದಷ್ಟೇ ಭೇದ.

ಶೈತ್ಯಸಂಸ್ಕಾರವೂ ಒಂದುಂಟು: ಉಕ್ಕನ್ನು ದ್ರವ ನೈಟ್ರೊಜನ್ನಿನ ಸಹಾಯದಿಂದ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ವರೆಗೂ ತಣಿಸುವುದು. ಕೊಯ್ಯುವ ಉಪಕರಣಗಳ ಉಕ್ಕಿನಲ್ಲಿ ಮಾರ್ಪಡದೆ ಉಳಿದ ಅಂಶವನ್ನು ಅದು ಗಡಸಾಗಿಸುತ್ತದೆ. ಹಳಿ, ಗಾಲಿಗಳ ಸಾಮಾನ್ಯ ಉಕ್ಕಿನಲ್ಲಿ ಅಂತಹ ಶೇಷವೇ ಅತ್ಯಲ್ಪವಾದ್ದರಿಂದ ಲಾಭವೂ ಅಷ್ಟಕ್ಕಷ್ಟೇ ಎಂದು ನನ್ನ ಭಾವನೆ.

ಗಾಲಿಗೆ ಬಲವಿತ್ತ ಶಾಖವೇ ಅದನ್ನು ಕಸಿಯಲೂಬಲ್ಲದು. ಬ್ರೇಕಿನ ದಿಮ್ಮಿ ಬಹಳ ಹೊತ್ತು ಉಜ್ಜಿದರೆ ನೇಮಿಯು ಕಾದು ಹಿಗ್ಗಲೆಳಸುತ್ತದೆ. ತಣ್ಣಗಿರುವ ನಡುಭಾಗ ಬಿಡದು. ಆಗ ಉಕ್ಕು ತನ್ನಲ್ಲೇ ಮಣಿದು, ಆರಿದ ಮೇಲೆ ಅದುಮು ಹೋಗಿ ಸೆಳೆತ ನಿಲ್ಲುತ್ತದೆ. ಇನ್ನು ಕೂದಲೆಳೆಯ ಬಿರುಕೂ ಗಾಲಿಯನ್ನು ಸೀಳಬಹುದು. ರೈಲು ನಿಂತಾಗ ಪರೀಕ್ಷಕನು ಬಾಗಿ ಗಾಲಿಗಳನ್ನು ನೋಡುತ್ತ ಸಾಗುವಾಗ ಹುಡುಕುವ ಗುರುತುಗಳಲ್ಲಿ ಈ ಸುಟ್ಟ ಬಣ್ಣವೂ ಒಂದು.