ನೆತ್ತರಿಗೆ ಮೊದಲು ಊಟದ ಮನೆ: ಅರಸೀಕೆರೆಯಲ್ಲಿ ಜಪಾನಿನ ಕರಾಳ ಚಿತ್ರಗಳನ್ನು ತೋರಿಸಿ ಕಲಿತದ್ದು

ಅರಸೀಕೆರೆಯಲ್ಲಿ ನಾವು ಒಂದಷ್ಟು ಗೆಳೆಯರು ಆಗಾಗ ಭಾನುವಾರ ಸೇರಿ ಹೊರದೇಶದ ಸಿನಿಮಾ ನೋಡುತ್ತೇವೆ. ಚಿತ್ರ ಆರಿಸುವುದು, ಪರದೆ ಕಟ್ಟುವುದು, ಮುಗಿದ ಮೇಲೆ ಮಾತು ನಡೆಸುವುದು ನನ್ನ ಪಾಲಿನ ಕೆಲಸ. ರೈಲ್ವೆಯವರು, ಕೊಬ್ಬರಿ ವ್ಯಾಪಾರದವರು, ಮೇಷ್ಟ್ರುಗಳು, ಕಾಲೇಜು ಹುಡುಗರು, ಮನೆಗೆಲಸ ಮುಗಿಸಿಕೊಂಡು ಬರುವ ಹೆಂಗಸರು ಇರುತ್ತಾರೆ. ಬೇಲೂರು, ಹಳೇಬೀಡಿನಿಂದ ಬಸ್ಸು ಹಿಡಿದು ಬರುವವರೂ ಇದ್ದಾರೆ. ಇವರಿಗೆ ನಾನು ತುಂಬ ಯೋಚಿಸಿ ತೋರಿಸಿದ್ದು ಜಪಾನಿನ ಕರಾಳ ಥ್ರಿಲ್ಲರ್‌ಗಳನ್ನು. ಮನೆ ಒಡೆಯುವ, ಸಮಾಜ ಕುಸಿಯುವ, ನೆತ್ತರು ಹರಿಯುವ ಚಿತ್ರಗಳವು. ಊರ ಜನಕ್ಕೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ತೋರಿಸಲೇಬೇಕು ಎನ್ನುವವನು ನಾನು. ಹೇಗೆ ತೋರಿಸಬೇಕು ಎನ್ನುವುದಕ್ಕೆ ಈ ಟಿಪ್ಪಣಿ.

1. ಮೊದಲ ಚಿತ್ರದಲ್ಲಿ ರಕ್ತ ಬೇಡ

ಅಕಿರ ಕುರೊಸಾವಾ 1963ರಲ್ಲಿ ಮಾಡಿದ ‘ಹೈ ಅಂಡ್ ಲೋ’ದಿಂದ ಶುರು ಮಾಡಿ. ಷೂ ಕಂಪನಿಯ ದೊಡ್ಡ ಅಧಿಕಾರಿ ಗೊಂಡೊನದು ಗುಡ್ಡದ ಮೇಲಿನ ಬಂಗಲೆ. ತೊಶಿರೊ ಮಿಫುನೆ ಆ ಪಾತ್ರ ಮಾಡಿದ್ದಾರೆ. ಅಪಹರಣಕಾರ ಗೊಂಡೊನ ಮಗನೆಂದುಕೊಂಡು ಅವನ ಡ್ರೈವರನ ಮಗನನ್ನು ಹೊತ್ತೊಯ್ಯುತ್ತಾನೆ. ಹಣ ಕೊಟ್ಟರೆ ಗೊಂಡೊ ದಿವಾಳಿ, ಕೊಡದಿದ್ದರೆ ಇನ್ನೊಬ್ಬರ ಮಗು ಸಾಯುತ್ತದೆ. ಹಣ ಹಸ್ತಾಂತರವಾಗುವುದು ಓಡುವ ರೈಲಿನಲ್ಲಿ. ಕಿಟಕಿ ತೆರೆಯುವುದು 7 ಸೆಂಟಿಮೀಟರ್ ಮಾತ್ರ. ಅಷ್ಟರಲ್ಲೇ ತೂರುವ ಚೀಲಗಳಲ್ಲಿ ನೋಟು ತುಂಬಿ, ಸೇತುವೆಯ ಹತ್ತಿರ ಹೊರಗೆ ಎಸೆಯಬೇಕು.

ನಮ್ಮದು ಜಂಕ್ಷನ್ ಊರು. ಮೈಸೂರು, ಹಾಸನದ ಹಳಿ ಬಂದು ಬೆಂಗಳೂರು–ಹುಬ್ಬಳ್ಳಿ ಹಳಿಯನ್ನು ಕೂಡುವುದು ಇಲ್ಲೇ. ಆ ದೃಶ್ಯ ಮುಗಿಯುತ್ತಲೇ ನಿವೃತ್ತ ಗಾರ್ಡ್ ಒಬ್ಬರು ಎದ್ದು ನಿಂತು, ಅಷ್ಟು ವೇಗದಲ್ಲಿ ಸೇತುವೆ ದಾಟುವಾಗ ಎಸೆಯುವವನಿಗೆ ಎಷ್ಟು ಹೊತ್ತು ಸಿಗುತ್ತದೆಂದು ಬೆರಳು ಮಡಚಿ ಲೆಕ್ಕ ಹೇಳಿದರು. ಆಮೇಲೆ ಅಲ್ಲಿ ಕೂತವರಿಗೆ ಜಪಾನ್ ಪರದೇಶವಾಗಿ ಉಳಿಯಲಿಲ್ಲ. ತನಗೆ ಗೊತ್ತಿರುವುದೊಂದು ಪರದೆಯ ಮೇಲೆ ಕಂಡರೆ, ಗೊತ್ತಿಲ್ಲದ್ದನ್ನೂ ನೋಡುವ ಧೈರ್ಯ ಮನುಷ್ಯನಿಗೆ ಬರುತ್ತದೆ. ಗುಡ್ಡದ ಕೆಳಗೆ, ಸೆಖೆಯ ಕೋಣೆಯಲ್ಲಿ ಕುಳಿತು ಮೇಲಿನ ಬಂಗಲೆಯನ್ನು ದಿನವೂ ನೋಡಿ ಕುದಿದ ಅಪಹರಣಕಾರನ ಮಾತು ಕೊನೆಯಲ್ಲಿ ಬಂದಾಗ ಯಾರೂ ಮಿಸುಕಲಿಲ್ಲ.

2. ಕೊಲೆಯನ್ನಲ್ಲ, ಊಟವನ್ನು ನೋಡಲು ಹೇಳಿ

ನನ್ನ ಮಟ್ಟಿಗೆ ಇದೇ ಮುಖ್ಯ ಪಾಠ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಗಾದೆ. ಈ ಚಿತ್ರಗಳಲ್ಲಿ ಜಗಳವೇ ಇಲ್ಲ. ಉಣ್ಣುತ್ತಾರೆ, ಮಲಗುತ್ತಾರೆ, ಮಾತಾಡುವುದಿಲ್ಲ.

ಸಿಯಾನ್ ಸೊನೊ ಅವರ ‘ಕೋಲ್ಡ್ ಫಿಶ್’ (2010) 1993ರಲ್ಲಿ ಸೈತಾಮಾದಲ್ಲಿ ನಾಯಿ ವ್ಯಾಪಾರಿಗಳು ನಡೆಸಿದ ಕೊಲೆಗಳನ್ನು ನೆನೆದು ಕಟ್ಟಿದ ಕಥೆ. ಚಿತ್ರದಲ್ಲಿ ಆ ವ್ಯಾಪಾರಿಗಳು ಅಲಂಕಾರದ ಮೀನು ಮಾರುವವರಾಗಿದ್ದಾರೆ. ಮುಂದೆ ನೋಡಲಾಗದಂಥ ದೃಶ್ಯಗಳಿವೆ. ಆದರೆ ಮೊದಲ ನಿಮಿಷಗಳಲ್ಲಿ ಇರುವುದು ಇಷ್ಟು: ಅಂಗಡಿಯಲ್ಲಿ ಹೆಂಗಸೊಬ್ಬಳು ಫ್ರೋಜನ್ ಪೊಟ್ಟಣಗಳನ್ನು ಒಂದರ ಮೇಲೊಂದು ಬುಟ್ಟಿಗೆ ಎಸೆಯುತ್ತಾಳೆ. ಮನೆಯಲ್ಲಿ ಮೈಕ್ರೋವೇವ್ ಓಡುತ್ತದೆ. ಗಂಡ, ಆಕೆ, ಗಂಡನ ಮೊದಲ ಹೆಂಡತಿಯ ಮಗಳು, ಮೂವರೂ ತಲೆ ಎತ್ತದೆ ತಿನ್ನುತ್ತಾರೆ. ಆ ಮನೆಯಲ್ಲಿ ಉಳಿದಿರುವುದು ಏನೂ ಇಲ್ಲ ಎಂದು ನಿರ್ದೇಶಕ ಅಲ್ಲೇ ಹೇಳಿಬಿಟ್ಟಿದ್ದಾನೆ. ಹೊರಗಿನಿಂದ ಬರುವ ಕೊಲೆಗಾರ ನಗುನಗುತ್ತ ಬಂದು ಆ ಖಾಲಿ ಜಾಗದಲ್ಲಿ ಕುಳಿತುಕೊಳ್ಳುತ್ತಾನೆ.

ಇದರ ಜೊತೆಗೆ ಯೊಶಿಮಿತ್ಸು ಮೊರಿತಾ ಅವರ ‘ದಿ ಫ್ಯಾಮಿಲಿ ಗೇಮ್’ (1983) ತೋರಿಸಿ. ಥ್ರಿಲ್ಲರ್ ಅಲ್ಲ, ಆದರೂ ಬೇಕು. ಮನೆಯವರೆಲ್ಲ ಉದ್ದನೆಯ ಮೇಜಿನ ಒಂದೇ ಬದಿಗೆ ಸಾಲಾಗಿ ಕೂತು ಊಟ ಮಾಡುತ್ತಾರೆ. ಯಾರ ಎದುರಿಗೂ ಯಾರೂ ಇಲ್ಲ. ಪಾಠ ಹೇಳಲು ಬಂದ ಮೇಷ್ಟ್ರು ಕೊನೆಗೆ ಆ ಮೇಜನ್ನೇ ಮಗುಚುತ್ತಾನೆ. ನಮ್ಮ ಕಡೆ ಹೊಸ ಮನೆ ಕಟ್ಟಿಸುವಾಗ ಟಿವಿ ಕಾಣುವಂತೆ ಡೈನಿಂಗ್ ಟೇಬಲ್ ಹಾಕಿಸುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಕೂರುವಿಕೆ.

ಕಿಯೊಶಿ ಕುರೊಸಾವಾ (ಅಕಿರ ಕುರೊಸಾವಾರ ಸಂಬಂಧಿಯಲ್ಲ) ಅವರ ‘ಟೋಕಿಯೋ ಸೊನಾಟಾ’ (2008) ತೋರಿಸಿದ ದಿನದ ಮಾತು ಹೇಳಲೇಬೇಕು. ಅದರಲ್ಲಿ ಅಪ್ಪನ ಕೆಲಸ ಹೋಗುತ್ತದೆ. ಮನೆಯಲ್ಲಿ ಹೇಳದೆ ದಿನವೂ ಸೂಟು ತೊಟ್ಟು ಹೊರಟು, ಪಾರ್ಕಿನಲ್ಲಿ ಪುಕ್ಕಟೆ ಊಟದ ಸಾಲಿನಲ್ಲಿ ನಿಲ್ಲುತ್ತಾನೆ. ಅದೇ ಸ್ಥಿತಿಯ ಗೆಳೆಯನೊಬ್ಬ, ತನಗೆ ಇನ್ನೂ ಕೆಲಸವಿದೆ ಎಂದು ತೋರಿಸಲು ಫೋನು ತಾನೇ ರಿಂಗಾಗುವಂತೆ ಮಾಡಿಟ್ಟುಕೊಂಡಿರುತ್ತಾನೆ. ಆ ಗೆಳೆಯ ಸಾವಿನಲ್ಲಿ ಮುಗಿಯುತ್ತಾನೆ. ಸಿನಿಮಾ ಮುಗಿದು ದೀಪ ಹಾಕಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ಹೇಳಿದ: “ಮೇಷ್ಟ್ರೇ, ಲಾಕ್‌ಡೌನ್ ಆದ ಮೇಲೆ ನನ್ನ ಕೆಲಸ ಹೋಯ್ತು. ಅಪ್ಪನಿಗೆ ಹೇಳ್ಲಿಲ್ಲ. ಬೆಳಗಿನ ರೈಲು ಹತ್ತಿ ತುಮಕೂರಲ್ಲಿ ಇಳಿದು ಸ್ಟೇಷನ್ನಲ್ಲೇ ಕೂತಿರ್ತಿದ್ದೆ.” ಅವನ ಅಪ್ಪ ಅಲ್ಲೇ, ಎರಡು ಕುರ್ಚಿ ಆಚೆ ಕೂತಿದ್ದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಅಂಥ ಹೊತ್ತಿನಲ್ಲಿ ನಡೆಸುವವನು ಸುಮ್ಮನಿರಬೇಕು.

3. ಮುಂದೇನಿದೆ ಎಂದು ಮೊದಲೇ ಹೇಳಿ

ತಕಾಶಿ ಮಿಕೆ ಅವರ ‘ಆಡಿಷನ್’ (1999) ಅರ್ಧದವರೆಗೆ ಮೃದುವಾದ ಸಂಸಾರದ ಕಥೆ. ಹೆಂಡತಿ ತೀರಿಕೊಂಡವನಿಗೆ ಮಗನೇ ಇನ್ನೊಂದು ಮದುವೆಯಾಗು ಎನ್ನುತ್ತಾನೆ. ಸಿನಿಮಾಕ್ಕೆ ನಟಿ ಬೇಕೆಂದು ಸುಳ್ಳು ಹೇಳಿ ಹುಡುಗಿಯರನ್ನು ಕರೆಸಿ, ಅವರಲ್ಲಿ ಒಬ್ಬಳನ್ನು ಆರಿಸುತ್ತಾನೆ. ಆಮೇಲೆ ಅದು ಚಿತ್ರಹಿಂಸೆಯತ್ತ ತಿರುಗುತ್ತದೆ. ಕಥೆ ಹಾಳಾಗುತ್ತದೆಂದು ಇದನ್ನು ಮುಚ್ಚಿಡಬೇಡಿ. ಏನಾಗುತ್ತದೆ ಎಂದು ಹೇಳದಿದ್ದರೂ ಎಂಥದ್ದು ಬರುತ್ತದೆ ಎಂದು ಹೇಳಲೇಬೇಕು. ಹದಿನೆಂಟು ತುಂಬದವರನ್ನು ಬಿಡಬಾರದು. ಬಾಗಿಲ ಚಿಲಕ ತೆಗೆದಿರಬೇಕು, ಎದ್ದು ಹೋದವರನ್ನು ಆಮೇಲೆ ಯಾಕೆ ಹೋದಿರಿ ಎಂದು ಕೇಳಬಾರದು.

4. ಹಳೇಬೀಡಿನ ಗೋಡೆಯ ಮುಂದೆ ನಿಲ್ಲಿಸಿ

ಇಷ್ಟು ಹಿಂಸೆ ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ, ಹೊಯ್ಸಳೇಶ್ವರಕ್ಕೆ ಕರೆದುಕೊಂಡು ಹೋಗುತ್ತೇನೆ. ಹನ್ನೆರಡನೇ ಶತಮಾನದ ಆ ಗೋಡೆಯಲ್ಲಿ ನರಸಿಂಹ ಹಿರಣ್ಯಕಶಿಪುವಿನ ಕರುಳು ಬಗೆಯುತ್ತಿದ್ದಾನೆ, ಶಿವ ಗಜಾಸುರನ ತೊಗಲು ಸುಲಿದು ಕುಣಿಯುತ್ತಿದ್ದಾನೆ, ಅಭಿಮನ್ಯು ಚಕ್ರವ್ಯೂಹದೊಳಗಿದ್ದಾನೆ. ಒಂದು ಮನೆತನ ತನ್ನನ್ನು ತಾನೇ ಕೊಂದುಕೊಂಡ ಕಥೆಯನ್ನು ನಮ್ಮವರು ದೇವರ ಗುಡಿಯ ಮೇಲೆ ಕೆತ್ತಿದರು. ಬೇಲೂರು, ಸೋಮನಾಥಪುರದ ಜೊತೆ ಈ ಗುಡಿ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ನಮ್ಮ ಜೊತೆ ಸಿನಿಮಾ ನೋಡುವ ಹಳೇಬೀಡಿನ ಗೈಡ್ ಒಬ್ಬರು ನನಗೆ ತೋರಿಸಿಕೊಟ್ಟ ವಿಚಾರವೊಂದಿದೆ. ಪ್ರವಾಸಿಗರು ಕರುಳಿನ ಹತ್ತಿರ ಫೋಟೊ ತೆಗೆಯುತ್ತಾರೆ. ಈ ಗೈಡ್ ಅವರನ್ನು ಒಂದೆರಡು ಹೆಜ್ಜೆ ಹಿಂದಕ್ಕೆ ಕರೆದು, ಕೆಳಗಿನ ಆನೆಗಳ ಸಾಲಿನಿಂದ ಮೇಲಕ್ಕೆ ನೋಡುತ್ತ ಬನ್ನಿ ಎನ್ನುತ್ತಾರೆ. ಆಗ ಆ ಕೊಲೆ ಇಡೀ ಗೋಡೆಯೊಳಗೆ ತನ್ನ ಜಾಗದಲ್ಲಿ ಕೂರುತ್ತದೆ. ಕಿಯೊಶಿ ಕುರೊಸಾವಾ ‘ಕ್ಯೂರ್’ (1997) ಚಿತ್ರದಲ್ಲಿ ಕ್ಯಾಮೆರಾವನ್ನು ಹೀಗೇ ಹಿಂದಕ್ಕೆ ಇಡುತ್ತಾರೆ. ಪೊಲೀಸ್ ಚೌಕಿಯ ಮುಂದೆ ಒಬ್ಬ ಪೇದೆ ಜೊತೆಯವನನ್ನು ಗುಂಡಿಟ್ಟು ಕೊಲ್ಲುವುದನ್ನು ನಾವು ದೂರದಿಂದ, ಸಂಗೀತವಿಲ್ಲದೆ, ದಿನದ ಕೆಲಸದಂತೆ ನೋಡುತ್ತೇವೆ. ಹಿಂಸೆಯ ಸಿನಿಮಾ ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇಲ್ಲಿಂದ ಬಂದದ್ದು: ನಿರ್ದೇಶಕ ನನ್ನನ್ನು ಎಲ್ಲಿ ನಿಲ್ಲಿಸುತ್ತಿದ್ದಾನೆ?

ಕೆಲವೊಮ್ಮೆ ಉತ್ತರ ನಿರ್ದೇಶಕನ ಬದುಕಿನಲ್ಲೇ ಇರುತ್ತದೆ. ‘ಬ್ಯಾಟಲ್ ರಾಯಲ್’ (2000) ಮಾಡಿದಾಗ ಕಿಂಜಿ ಫುಕಾಸಾಕುಗೆ 70 ವರ್ಷ. ಯುದ್ಧದ ಕೊನೆಯಲ್ಲಿ, ಹದಿನೈದರ ಹುಡುಗನಾಗಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಶೆಲ್ ದಾಳಿಯಲ್ಲಿ ಸತ್ತ ಜೊತೆಗಾರರ ದೇಹಗಳನ್ನು ಅವರು ಎತ್ತಬೇಕಾಗಿತ್ತು. ಸಹಪಾಠಿಗಳು ಒಬ್ಬರನ್ನೊಬ್ಬರು ಕೊಲ್ಲುವಂತೆ ಸರ್ಕಾರವೇ ಕಾನೂನು ಮಾಡುವ ಆ ಕಥೆಯಲ್ಲಿ ದೊಡ್ಡವರ ಮೇಲಿರುವ ಸಿಟ್ಟು ಎಲ್ಲಿಯದೆಂದು ಇದರಿಂದ ತಿಳಿಯುತ್ತದೆ.

5. ‘ಕನ್ಫೆಷನ್ಸ್’ ಅನ್ನು ಮೇಷ್ಟ್ರುಗಳಿಗೇ ಬೇರೆ ತೋರಿಸಿ

ತೆತ್ಸುಯಾ ನಕಾಶಿಮಾ ಅವರ ಈ ಚಿತ್ರ (2010) ಕನಾಯೆ ಮಿನಾತೊ ಅವರ ಕಾದಂಬರಿಯಿಂದ ಬಂದದ್ದು. ಮಾಧ್ಯಮಿಕ ಶಾಲೆಯ ಕ್ಲಾಸು. ಮಕ್ಕಳು ಹಾಲಿನ ಪೊಟ್ಟಣ ಕುಡಿದು ಗಲಾಟೆ ಮಾಡುತ್ತಿದ್ದಾರೆ. ಕೆಲಸ ಬಿಟ್ಟು ಹೋಗುತ್ತಿರುವ ಟೀಚರು ದನಿ ಏರಿಸದೆ ಹೇಳುತ್ತಾಳೆ: ತನ್ನ ನಾಲ್ಕು ವರ್ಷದ ಮಗಳನ್ನು ಕೊಂದವರು ಈ ಕ್ಲಾಸಿನ ಇಬ್ಬರು, ಅವರ ಹಾಲಿಗೆ ತಾನು ಎಚ್‌ಐವಿ ಸೋಂಕಿನ ರಕ್ತ ಬೆರೆಸಿದ್ದೇನೆ. ಹುಡುಗರಿಗೆ ಹದಿನಾಲ್ಕು ತುಂಬಿಲ್ಲ, ಕಾನೂನು ಅವರಿಗೆ ಶಿಕ್ಷೆ ಕೊಡುವುದಿಲ್ಲ.

2013ರಲ್ಲಿ ಕ್ಷೀರಭಾಗ್ಯ ಬಂದ ಮೇಲೆ ನಮ್ಮ ಸರ್ಕಾರಿ ಶಾಲೆಗಳಲ್ಲೂ ಮಕ್ಕಳು ಲೋಟ ಹಿಡಿದು ಸಾಲಾಗಿ ಕೂತು ಹಾಲು ಕುಡಿಯುತ್ತಾರೆ. ಆ ಹಾಲನ್ನು ಕೈಯಾರೆ ಕಾಯಿಸಿ ಬಗ್ಗಿಸುವ ಟೀಚರಮ್ಮ ಒಬ್ಬರು ಈ ದೃಶ್ಯಕ್ಕೆ ಮುಖ ಮುಚ್ಚಿಕೊಂಡರು. ಆಮೇಲೆ ಬೇರೆಲ್ಲರಿಗಿಂತ ಹೆಚ್ಚು ಮಾತಾಡಿದವರೂ ಅವರೇ. ಒಬ್ಬ ಹುಡುಗನನ್ನು ತಾಯಿ ಬಿಟ್ಟು ಹೋಗಿದ್ದಾಳೆ, ಇನ್ನೊಬ್ಬನ ತಾಯಿ ಮಗನ ತಪ್ಪನ್ನೇ ನೋಡಲೊಲ್ಲಳು, ಇಬ್ಬರೂ ನಮ್ಮ ಪೇರೆಂಟ್ಸ್ ಮೀಟಿಂಗಿಗೆ ಬರುವವರೇ ಎಂದರು. ಕಾನೂನಿನ ಮಾತೂ ಬರಲಿ. ಕೋಬೆಯಲ್ಲಿ 1997ರಲ್ಲಿ ಹದಿನಾಲ್ಕರ ಹುಡುಗನೊಬ್ಬ ಮಕ್ಕಳನ್ನು ಕೊಂದ ಮೇಲೆ, 2000ದಲ್ಲಿ ಜಪಾನ್ ಶಿಕ್ಷೆಯ ವಯಸ್ಸನ್ನು 16ರಿಂದ 14ಕ್ಕೆ ಇಳಿಸಿತು. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ 16ರಿಂದ 18ರೊಳಗಿನವರನ್ನು ಘೋರ ಅಪರಾಧಗಳಲ್ಲಿ ದೊಡ್ಡವರಂತೆ ವಿಚಾರಣೆಗೆ ಒಳಪಡಿಸಲು ಅವಕಾಶ ಕೊಟ್ಟಿದೆ. ಈ ಎರಡನ್ನೂ ಮುಂದಿಟ್ಟರೆ ಚರ್ಚೆ ಗಟ್ಟಿ ನೆಲದ ಮೇಲೆ ನಡೆಯುತ್ತದೆ.

6. “ಅಲ್ಲಿಯವರೇ ಹಾಗೆ” ಎನ್ನಲು ಬಿಡಬೇಡಿ

ಜಪಾನ್ ಕೊಲೆಗಳು ತೀರ ಕಡಿಮೆಯಿರುವ ದೇಶಗಳಲ್ಲೊಂದು. ಈ ಚಿತ್ರಗಳ ಹಿಂದಿರುವುದು ಇನ್ನೊಂದು ಬಗೆಯ ನೋವು. 1990ರ ದಶಕದ ಆರಂಭದಲ್ಲಿ ಆರ್ಥಿಕತೆ ಕುಸಿಯಿತು, ಜೀವನಪೂರ್ತಿ ಕೆಲಸವೆಂಬ ಭರವಸೆ ಸಡಿಲವಾಯಿತು. 1995ರ ಜನವರಿಯಲ್ಲಿ ಕೋಬೆ ಭೂಕಂಪ 6,000ಕ್ಕೂ ಹೆಚ್ಚು ಜನರನ್ನು ಕೊಂದಿತು, ಮಾರ್ಚಿನಲ್ಲಿ ಓಮ್ ಶಿನ್ರಿಕ್ಯೊ ಪಂಥದವರು ಟೋಕಿಯೋದ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲ ಬಿಟ್ಟರು. ಪಕ್ಕದ ಮನೆಯವನು ಯಾರು ಎಂಬ ಭಯ ಸಿನಿಮಾದೊಳಗೆ ಬಂದದ್ದು ಆಮೇಲೆ.

ನಮ್ಮದೇನು ಕಡಿಮೆ? ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ನಡೆಯುವುದು ಈ ಸೀಮೆಯಲ್ಲೇ, ತಿಪಟೂರು, ಚನ್ನರಾಯಪಟ್ಟಣದ ಸುತ್ತ. ಪ್ಲೇಗು ಬರುವ ಮೊದಲೇ ಆ ಮನೆ ಮುರಿದಿದೆ. ನಂಜಮ್ಮ ಶ್ಯಾನುಭೋಗಿಕೆಯ ಲೆಕ್ಕ ಬರೆದು ಮಕ್ಕಳನ್ನು ಸಾಕುತ್ತಾಳೆ, ಗಂಡ ಚೆನ್ನಿಗರಾಯ ಉಂಡು ಮಲಗುತ್ತಾನೆ. ಗಿರೀಶ ಕಾಸರವಳ್ಳಿಯವರು ಇದನ್ನು ಧಾರಾವಾಹಿ ಮಾಡಿದಾಗ ನೋಡಿದ ಹಿರಿಯರು ನಮ್ಮಲ್ಲಿ ಬಹಳ ಜನ. ಅವರಿಗೆ ನಾನು ‘ಕೋಲ್ಡ್ ಫಿಶ್’ನ ಊಟವನ್ನು ವಿವರಿಸಬೇಕಾಗಿ ಬರಲಿಲ್ಲ.

ಬೇಲೂರಿನ ಕಪ್ಪೆ ಚನ್ನಿಗರಾಯನ ಗುಡಿಗೆ ಅಂಟಿಕೊಂಡ ಕಥೆಯನ್ನು ಇದೇ ಕಣ್ಣಲ್ಲಿ ನೋಡಿ. ಶಿಲ್ಪಿ ಜಕಣಾಚಾರಿ ಹೆಂಡತಿಯನ್ನು ಬಿಟ್ಟು ಬಂದವನು. ಕಾಣದೆ ಬೆಳೆದ ಮಗ ಡಂಕಣ ಅಪ್ಪನನ್ನು ಹುಡುಕಿಕೊಂಡು ಬಂದು, ಅಪ್ಪನೆಂದು ತಿಳಿಯದೆ, ವಿಗ್ರಹದಲ್ಲಿ ದೋಷವಿದೆ ಎನ್ನುತ್ತಾನೆ. ಗಂಧ ಬಳಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗುವುದಿಲ್ಲ. ಉಳಿ ಇಟ್ಟರೆ ಕಪ್ಪೆ ಹೊರಬೀಳುತ್ತದೆ. ಅಪ್ಪ ತನ್ನ ಬಲಗೈ ಕಡಿದುಕೊಳ್ಳುತ್ತಾನೆ. ಇದು ಐತಿಹ್ಯ. ಶಾಸನಗಳು ಹೇಳುವ ಬೇಲೂರಿನ ಅಪ್ಪ–ಮಗ ಶಿಲ್ಪಿಗಳು ಬಳ್ಳಿಗಾವಿಯ ದಾಸೋಜ ಮತ್ತು ಚಾವಣ. ಅವರಿಬ್ಬರೂ ಜೊತೆಗೇ ಕೆತ್ತಿದರು. ಆದರೂ ಜನ ನೆನಪಿಟ್ಟುಕೊಂಡದ್ದು ಕೈ ಕಡಿದುಕೊಂಡ ಅಪ್ಪನನ್ನು. 1964ರಲ್ಲಿ ಬಿ.ಎಸ್. ರಂಗಾ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಮಾಡಲು ಆರಿಸಿಕೊಂಡದ್ದೂ ಇದೇ ‘ಅಮರಶಿಲ್ಪಿ ಜಕಣಾಚಾರಿ’ಯ ಕಥೆಯನ್ನು.

7. ಎಲ್ಲವನ್ನೂ ತೋರಿಸಬೇಕಿಲ್ಲ

ನಕಾಶಿಮಾ ಅವರದೇ ‘ದಿ ವರ್ಲ್ಡ್ ಆಫ್ ಕನಾಕೊ’ (2014) ನಾನು ತೋರಿಸುವುದಿಲ್ಲ. ಕಾಣೆಯಾದ ಮಗಳನ್ನು ಹುಡುಕುತ್ತ ಹೋದ ಅಪ್ಪನಿಗೆ ಅವಳು ಯಾರೆಂದೇ ತನಗೆ ಗೊತ್ತಿರಲಿಲ್ಲವೆಂದು ತಿಳಿಯುವ ವಸ್ತು ದೊಡ್ಡದು, ಕೋಜಿ ಯಾಕುಶೊ ಅಭಿನಯವೂ ದೊಡ್ಡದು. ಆದರೆ ಹೆಣ್ಣುಮಕ್ಕಳ ಮೇಲಿನ ಹಿಂಸೆಯನ್ನು ಆ ಚಿತ್ರ ಬಣ್ಣ ಬಳಿದು ಕುಣಿಸುತ್ತದೆ.

8. ಹೆಸರಿನ ಬದಲು ಸಂಬಂಧ ಬರೆದುಕೊಡಿ

ಜಪಾನಿ ಹೆಸರುಗಳು ನಾಲಿಗೆಗೆ ಹತ್ತುವುದಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓಡುವ ವೇಗಕ್ಕೆ ಎಲ್ಲರ ಕಣ್ಣೂ ಓಡುವುದಿಲ್ಲ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಗಂಡ, ಎರಡನೇ ಹೆಂಡತಿ, ಮೊದಲನೆಯವಳ ಮಗಳು, ಅಂಗಡಿಯವನು ಎಂದು ಬರೆದು ಹಂಚಿ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ ಅಡಿಕೆ ತೋಟದ ಜನಕ್ಕೆ ‘ರಾಶೊಮೊನ್’ನಂಥ ಚಿತ್ರಗಳನ್ನು ತೋರಿಸಿದ ಮೇಲೆ, ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಎನ್ನುವ ಮಾತಿಗೆ ನಮ್ಮ ನಾಡಿನಲ್ಲಿ ಜಾಗವಿಲ್ಲ.

9. ಹೇಗಿತ್ತು ಎಂದು ಕೇಳಬೇಡಿ

ಹಾಗೆ ಕೇಳಿದರೆ ಚೆನ್ನಾಗಿತ್ತು ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಕೇಳುವುದು: ಯಾರು ಯಾವಾಗ ಬಾಯಿ ಬಿಟ್ಟಿದ್ದರೆ ಇದು ತಪ್ಪುತ್ತಿತ್ತು? ಮೊದಲು ಹೆಂಗಸರನ್ನು ಕೇಳುತ್ತೇನೆ, ಇಲ್ಲದಿದ್ದರೆ ಗಂಡಸರೇ ಎಲ್ಲ ಹೊತ್ತನ್ನೂ ನುಂಗುತ್ತಾರೆ. ‘ಕ್ಯೂರ್’ನಲ್ಲಿ ಪತ್ತೇದಾರನ ಹೆಂಡತಿಗೆ ಮನಸ್ಸಿನ ಕಾಯಿಲೆ. ಒಳಗೆ ಬಟ್ಟೆಯೇ ಇಲ್ಲದೆ ಆಕೆ ಬಟ್ಟೆಯ ಮೆಷಿನ್ ಓಡಿಸುತ್ತಾಳೆ, ಗಂಡ ಬಂದು ಆರಿಸುತ್ತಾನೆ. ಗಂಡಸರೆಲ್ಲ ಸಮ್ಮೋಹನ ಮಾಡಿ ಕೊಲೆ ಮಾಡಿಸುವವನ ಬಗ್ಗೆ ಮಾತಾಡಲು ಕಾದಿದ್ದರು. ಹಿರಿಯ ಹೆಂಗಸೊಬ್ಬರು, “ಅವನು ಆರಿಸ್ತಾನೆ ಹೊರತು ಯಾಕೆ ಹಾಕಿದ್ದೆ ಅಂತ ಒಂದ್ಸಲನೂ ಕೇಳಲ್ವಲ್ಲ” ಎಂದರು. ಗಾರ್ಡ್ ಸಾಹೇಬರು ಒಪ್ಪಲಿಲ್ಲ. ಕಾಯಿಲೆಯವಳನ್ನು ಕೇಳಿ ಏನು ಪ್ರಯೋಜನ, ದುಡಿದು ಸೋತು ಬಂದವನು ಅಷ್ಟಾದರೂ ಮಾಡಿದ ಎಂದರು. ಆ ತಾಯಿ ಬಿಡಲಿಲ್ಲ. ಹಳೇಬೀಡಿನ ಬಸ್ಸಿಗೆ ಹೊತ್ತಾಯಿತೆಂದು ನಾವೇ ಎಬ್ಬಿಸಬೇಕಾಯಿತು. ತಿಂಗಳಾದ ಮೇಲೆ ಬಂದವರು ಅದೇ ವಾದವನ್ನು ಬಿಟ್ಟಲ್ಲಿಂದ ಮುಂದುವರಿಸಿದರು, ಹಾಗಾಗಿ ಆವತ್ತು ಹೊಸ ಚಿತ್ರ ಹಾಕದೆ ‘ಕ್ಯೂರ್’ನ ಆ ಭಾಗವನ್ನೇ ಮತ್ತೆ ಹಾಕಿದೆ.