ವಿದೇಶ ಪ್ರವಾಸದಲ್ಲಿ ಸ್ಕೈಡೈವಿಂಗ್: ಡ್ರಾಪ್‌ಝೋನ್ ಆರಿಸುವ ಬಗೆ

ಜಿಗಿಯುವವರನ್ನು ಮೇಲಕ್ಕೊಯ್ಯುವ ವಿಮಾನ, ಅವರು ಬಂದಿಳಿಯುವ ಬಯಲು, ತರಬೇತುದಾರರು, ಪ್ಯಾರಾಚೂಟ್ ಮಡಚುವ ಕೊಠಡಿ ಇವೆಲ್ಲ ಒಂದೆಡೆ ಇರುವ ಜಾಗವೇ ಡ್ರಾಪ್‌ಝೋನ್. ಕರ್ನಾಟಕಕ್ಕೆ ಪ್ಯಾರಾಚೂಟ್ ಅಪರಿಚಿತವಲ್ಲ. ಸೇನೆಯ ಪ್ಯಾರಾಚೂಟ್ ರೆಜಿಮೆಂಟ್‌ನ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ವಾಯುಪಡೆ 1987ರಲ್ಲಿ ಕಟ್ಟಿದ ಆಕಾಶಗಂಗಾ ತಂಡದ ಜಿಗಿತವನ್ನು ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಜನ ಕತ್ತೆತ್ತಿ ನೋಡಿದ್ದಾರೆ. ಸಾರ್ವಜನಿಕರಿಗಾಗಿ ಮೈಸೂರಿನಲ್ಲಿ ಆಗಾಗ ಶಿಬಿರಗಳೂ ನಡೆದಿವೆ. ಆದರೆ ವರ್ಷವಿಡೀ ನಡೆಯುವ ನೆಲೆ ರಾಜ್ಯದಲ್ಲಿ ಬೇರೂರಿಲ್ಲ. ಹಾಗಾಗಿ ವೈ.ಎನ್.ಹೊಸಕೋಟೆ, ಪಾವಗಡ, ಶಿರಾ ಕಡೆಯಿಂದ ಕೆಲಸಕ್ಕೋ ಓದಿಗೋ ಮಕ್ಕಳನ್ನು ನೋಡುವುದಕ್ಕೋ ಹೊರದೇಶಕ್ಕೆ ಹೋದವರು ಅಲ್ಲೇ ಈ ಆಸೆ ತೀರಿಸಿಕೊಳ್ಳುವುದು ಹೆಚ್ಚು.

ಮೊದಲು ತೀರ್ಮಾನಿಸಬೇಕಾದದ್ದು ಯಾವ ಬಗೆಯ ಜಿಗಿತ ಎಂಬುದು. ಪ್ರವಾಸಿಗರಲ್ಲಿ ಬಹುಪಾಲು ಜನ ಮಾಡುವುದು ಟ್ಯಾಂಡೆಮ್ ಜಿಗಿತ. ಇದರಲ್ಲಿ ಪ್ಯಾರಾಚೂಟ್ ಇರುವುದು ತರಬೇತುದಾರನ ಬೆನ್ನಿಗೆ. ಪ್ರವಾಸಿಯ ಮೈಗೆ ಪಟ್ಟಿ ಬಿಗಿದು, ಎರಡು ಭುಜ, ಎರಡು ಸೊಂಟ ಹೀಗೆ ನಾಲ್ಕು ಕಡೆ ಕೊಕ್ಕೆ ಹಾಕಿ ಆತನ ಎದೆಗೆ ಸೇರಿಸುತ್ತಾರೆ. ಕಲಿಯಬೇಕಾದದ್ದು ಸ್ವಲ್ಪವೇ: ಬಾಗಿಲಲ್ಲಿ ಬೆನ್ನು ಬಿಲ್ಲಿನಂತೆ ಬಾಗಿಸುವುದು, ನೆಲ ಮುಟ್ಟುವಾಗ ಕಾಲೆತ್ತಿ ಹಿಡಿಯುವುದು. ಒಂಟಿಯಾಗಿ ಜಿಗಿಯಲು ಕಲಿಯುವ ಕೋರ್ಸ್ ಬೇರೆಯೇ. ಅದಕ್ಕೆ ಹಲವು ದಿನ ಬೇಕು, ನಾಲ್ಕು ದಿನದ ಪ್ಯಾಕೇಜ್ ಟೂರಿಗೆ ಒಗ್ಗುವುದಿಲ್ಲ.

ಎಷ್ಟು ಎತ್ತರದಿಂದ ಎಂಬುದರ ಮೇಲೆ ದರ ನಿಂತಿದೆ. 9,000 ಅಡಿಯಿಂದ ಹಾರಿದರೆ ಪ್ಯಾರಾಚೂಟ್ ಬಿಚ್ಚುವ ಮುನ್ನ ಅರ್ಧ ನಿಮಿಷದಷ್ಟು ಬೀಳುವಿಕೆ ಸಿಕ್ಕರೆ, 15,000 ಅಡಿಯಿಂದ ಸುಮಾರು ಒಂದು ನಿಮಿಷ. ವೇಗ ಗಂಟೆಗೆ 200 ಕಿ.ಮೀ. ಆಸುಪಾಸು. ಟ್ಯಾಂಡೆಮ್ ಪ್ಯಾರಾಚೂಟ್ ಸಾಮಾನ್ಯವಾಗಿ 5,000 ಅಡಿಯ ಸುಮಾರಿಗೆ ಬಿಚ್ಚಿಕೊಳ್ಳುತ್ತದೆ. ಸಮುದ್ರಮಟ್ಟದಿಂದ 3,900 ಅಡಿಗೂ ಮಿಕ್ಕಿ ಎತ್ತರವಿರುವ ಮಧುಗಿರಿ ಬೆಟ್ಟದ ತುದಿ ಹತ್ತಿದವರು ಈ ಲೆಕ್ಕವನ್ನು ಅಂದಾಜು ಮಾಡಿಕೊಳ್ಳಬಹುದು. ಮೊದಲ ಸಲಕ್ಕೆ 12,000–13,000 ಅಡಿ ಧಾರಾಳ ಸಾಕು. ಅದಕ್ಕೂ ಮೇಲಿನ ಸಾವಿರ ಅಡಿಗಳಿಗೆ ಕೊಡುವ ಹಣ ಕೆಲವೇ ಸೆಕೆಂಡುಗಳ ಬೆಲೆ.

ದೇಶ ಯಾವುದೇ ಇರಲಿ, ನೋಟಕ್ಕಿಂತ ಮೊದಲು ಉಸ್ತುವಾರಿ ನೋಡಬೇಕು. ದುಬೈನ ಪಾಮ್ ಜುಮೇರಾ, ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್, ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್, ಆಸ್ಟ್ರೇಲಿಯಾದ ಮಿಷನ್ ಬೀಚ್, 2011ರ ‘ಜಿಂದಗಿ ನಾ ಮಿಲೇಗಿ ದೊಬಾರಾ’ ಚಿತ್ರದಿಂದ ಹೆಸರಾದ ಸ್ಪೇನಿನ ಎಂಪುರಿಯಾಬ್ರಾವ, ಎಲ್ಲವೂ ಫೋಟೊದಲ್ಲಿ ಚೆನ್ನಾಗಿಯೇ ಕಾಣುತ್ತವೆ. ಕೇಳಬೇಕಾದ ಪ್ರಶ್ನೆ, ಆ ನೆಲೆಯ ಮೇಲೆ ಕಣ್ಣಿಟ್ಟಿರುವವರು ಯಾರು ಎಂಬುದು. ನ್ಯೂಜಿಲೆಂಡಿನಲ್ಲಿ ವಿಮಾನಯಾನ ಪ್ರಾಧಿಕಾರವೇ ಪ್ರಮಾಣಪತ್ರ ಕೊಡುತ್ತದೆ. ಆಸ್ಟ್ರೇಲಿಯಾದಲ್ಲಿ ಆಸ್ಟ್ರೇಲಿಯನ್ ಪ್ಯಾರಾಚೂಟ್ ಫೆಡರೇಶನ್, ಬ್ರಿಟನ್ನಿನಲ್ಲಿ ಬ್ರಿಟಿಷ್ ಸ್ಕೈಡೈವಿಂಗ್ ಸಂಸ್ಥೆ ಇದೆ. ಅಮೆರಿಕದಲ್ಲಿ ಯುಎಸ್‌ಪಿಎ ಸಂಸ್ಥೆಯ ಸದಸ್ಯತ್ವ ಕಡ್ಡಾಯವಲ್ಲ. ಆದ್ದರಿಂದಲೇ ಅದರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡುವುದು ಅಲ್ಲಿ ಹೆಚ್ಚು ಮುಖ್ಯ. ಕ್ಯಾಲಿಫೋರ್ನಿಯಾದ ಒಂದು ನೆಲೆಯಲ್ಲಿ 2016ರಲ್ಲಿ ಟ್ಯಾಂಡೆಮ್ ಜಿಗಿತದ ಇಬ್ಬರೂ ಸತ್ತಾಗ, ತರಬೇತುದಾರನಿಗೆ ಸರಿಯಾದ ಪ್ರಮಾಣಪತ್ರವೇ ಇರಲಿಲ್ಲವೆಂಬುದು ಆಮೇಲೆ ಹೊರಬಿತ್ತು. ಬುಕಿಂಗನ್ನು ಮಧ್ಯವರ್ತಿ ಜಾಲತಾಣದ ಮೂಲಕ ಮಾಡದೆ ನೇರವಾಗಿ ನೆಲೆಯೊಂದಿಗೇ ಮಾಡುವುದು ಲೇಸು.

ಸಲಕರಣೆಯ ಬಗ್ಗೆ ಎರಡು ಮಾತು ಕೇಳಿದರೆ ಒಳ್ಳೆಯ ನೆಲೆಯವರು ಬೇಸರಪಡುವುದಿಲ್ಲ. ಪ್ರತಿ ಚೀಲದಲ್ಲೂ ಮುಖ್ಯ ಪ್ಯಾರಾಚೂಟಿನ ಜೊತೆ ಮೀಸಲು ಪ್ಯಾರಾಚೂಟ್ ಇರುತ್ತದೆ. ಗೊತ್ತುಪಡಿಸಿದ ಎತ್ತರಕ್ಕೆ ಇಳಿದರೂ ಬೀಳುವ ವೇಗ ತಗ್ಗದಿದ್ದರೆ, ಗಾಳಿಯ ಒತ್ತಡ ಅಳೆಯುವ ಪುಟ್ಟ ಯಂತ್ರವೊಂದು ಮೀಸಲನ್ನು ತಾನಾಗಿ ಬಿಚ್ಚುತ್ತದೆ. ಅಮೆರಿಕದಲ್ಲಿ ಮೀಸಲು ಪ್ಯಾರಾಚೂಟನ್ನು 180 ದಿನಕ್ಕೊಮ್ಮೆ ಪರವಾನಗಿ ಪಡೆದವರೇ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಬೇಕು. ಆ ದಿನಾಂಕ ಮತ್ತು ಸಹಿ ಇರುವ ಚೀಟಿ ಚೀಲದ ಪುಟ್ಟ ಜೇಬಿನಲ್ಲೇ ಇರುತ್ತದೆ. ತೋರಿಸಿ ಎಂದು ಕೇಳಬಹುದು.

ಇನ್ನು ಹವಾಮಾನ. ಮೋಡ ಕೆಳಗಿಳಿದರೆ, ಗಾಳಿ ಜೋರಾದರೆ ಜಿಗಿತವಿಲ್ಲ. ಬ್ರಿಟನ್ನಿನಲ್ಲಿ ಇಡೀ ದಿನ ಕಾದು ಬರಿಗೈಲಿ ಮರಳುವುದು ಸಾಮಾನ್ಯ. ನಮ್ಮ ಏಪ್ರಿಲ್–ಮೇ ರಜೆಗೆ ಸ್ಪೇನ್ ಹೊಂದುತ್ತದೆ. ಆಗ ನ್ಯೂಜಿಲೆಂಡಿನಲ್ಲಿ ಚಳಿ ಶುರುವಾಗಿರುತ್ತದೆ, ಅಲ್ಲಿಗೆ ಡಿಸೆಂಬರ್–ಫೆಬ್ರುವರಿ ಸೂಕ್ತ. ದುಬೈಗೆ ಬಿಸಿಲು ಇಳಿದ ನವೆಂಬರಿನಿಂದ ಮಾರ್ಚ್. ಪ್ರವಾಸದ ಕೊನೆಯ ದಿನಕ್ಕೆ ಜಿಗಿತ ಇಟ್ಟುಕೊಳ್ಳುವುದೇ ಹಲವರು ಮಾಡುವ ತಪ್ಪು. ಮೊದಲ ದಿನಗಳಲ್ಲೇ ಇಟ್ಟುಕೊಂಡರೆ, ರದ್ದಾದರೂ ಇನ್ನೊಂದು ದಿನ ಕೈಲಿರುತ್ತದೆ. ಹವಾಮಾನದಿಂದ ರದ್ದಾದರೆ ಹಣ ವಾಪಸೋ, ಬರೀ ದಿನ ಬದಲಾವಣೆಯೋ ಎಂಬುದನ್ನು ಮುಂಗಡ ಕೊಡುವ ಮುನ್ನವೇ ಓದಿಕೊಳ್ಳಬೇಕು. ಆಸ್ಟ್ರೇಲಿಯಾದ ಕೇರ್ನ್ಸ್‌ನಂಥ ಕಡೆ ಸ್ಕೂಬಾ ಡೈವಿಂಗ್ ಕೂಡ ಮಾಡುವವರು ಜಿಗಿತವನ್ನು ಮೊದಲು ಮುಗಿಸುವುದು ಒಳಿತು. ನೀರಿನಾಳದಿಂದ ಬಂದ ಮೇಲೆ 18ರಿಂದ 24 ಗಂಟೆ ಎತ್ತರಕ್ಕೆ ಏರಬಾರದು.

ವಯಸ್ಸು ಅಮೆರಿಕದಲ್ಲಿ 18 ತುಂಬಿರಬೇಕು, ಬ್ರಿಟನ್ನಿನಲ್ಲಿ ಪೋಷಕರ ಒಪ್ಪಿಗೆಯಿದ್ದರೆ 16 ಸಾಕು. ತೂಕದ ಮಿತಿ ಬಹಳ ಕಡೆ 100 ಕೆ.ಜಿ. ಆಸುಪಾಸು, ಕೌಂಟರಿನಲ್ಲೇ ತೂಗುತ್ತಾರೆ, ದುಬೈನಲ್ಲಿ ಎತ್ತರಕ್ಕೆ ತಕ್ಕ ತೂಕವೇ ಎಂದೂ ನೋಡುತ್ತಾರೆ. ಹೃದಯ, ಬಿ.ಪಿ., ಬೆನ್ನುನೋವಿನ ತೊಂದರೆ ಇದ್ದವರು ವೈದ್ಯರ ಚೀಟಿಯೊಂದಿಗೆ ಹೋಗಬೇಕು. ಪ್ಯಾಂಟು, ಕಟ್ಟುವ ಶೂ ಸಾಕು. ರೇಷ್ಮೆ ಸೀರೆ ನೇಯುವ ವೈ.ಎನ್.ಹೊಸಕೋಟೆಯವರಿಗೆ ಹೇಳಬಹುದಾದ ಒಂದು ಸಂಗತಿಯಿದೆ: ಪುಣೆಯ ಶೀತಲ್ ಮಹಾಜನ್ 2018ರಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ಒಂಬತ್ತು ಗಜದ ಸೀರೆಯುಟ್ಟು 13,000 ಅಡಿಯಿಂದ ಜಿಗಿದರು. ಅವರು ನೂರಾರು ಜಿಗಿತ ಕಂಡವರು. ಮೊದಲ ಸಲದವರು ಸೀರೆ ಪೆಟ್ಟಿಗೆಯಲ್ಲೇ ಬಿಡಬೇಕು.

ಪ್ರವಾಸ ವಿಮೆಯಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಡುವುದು ಮಾಮೂಲು. ಸ್ಕೈಡೈವಿಂಗ್ ಎಂಬ ಹೆಸರು ಪಾಲಿಸಿಯಲ್ಲಿ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಹೆಚ್ಚುವರಿ ಕಂತು ಕಟ್ಟಬೇಕು. ನ್ಯೂಜಿಲೆಂಡಿನ ಸರ್ಕಾರಿ ಅಪಘಾತ ಯೋಜನೆ ಪ್ರವಾಸಿಗರ ಚಿಕಿತ್ಸೆಗೂ ನೆರವಾಗುತ್ತದೆ, ಆದರೆ ಊರಿಗೆ ಕರೆತರುವ ಖರ್ಚು ಅದರಲ್ಲಿ ಸೇರಿಲ್ಲ. ಖರ್ಚಿನ ಲೆಕ್ಕದಲ್ಲಿ ವಿಡಿಯೊ ಮರೆಯಬಾರದು; ದುಬೈನಲ್ಲಿ ಎರಡು ಸಾವಿರ ದಿರ್ಹಮ್ ದಾಟುವ ದರದಲ್ಲೇ ಅದು ಸೇರಿದ್ದರೆ, ಹಲವು ದೇಶಗಳಲ್ಲಿ ಪ್ರತ್ಯೇಕ ಹಣ.

ಈಗಾಗಲೇ ಪರವಾನಗಿ ಇರುವವರ ದಾರಿ ಬೇರೆ. ಯುಎಸ್‌ಪಿಎ ‘ಎ’ ಪರವಾನಗಿಗೆ 25, ‘ಬಿ’ಗೆ 50, ‘ಸಿ’ಗೆ 200, ‘ಡಿ’ಗೆ 500 ಜಿಗಿತ ಬೇಕು. ಅಂಥವರು ಪರವಾನಗಿ, ಜಿಗಿತದ ದಾಖಲೆ ಪುಸ್ತಕ, ಮೀಸಲು ಪ್ಯಾರಾಚೂಟಿನ ಚೀಟಿ ಮೂರನ್ನೂ ಜೊತೆಗೊಯ್ಯಬೇಕು. ಕೊನೆಯ ಜಿಗಿತಕ್ಕೆ ಬಹಳ ತಿಂಗಳಾಗಿದ್ದರೆ ಪುನರಭ್ಯಾಸ ಮಾಡಿಸದೆ ಒಳ್ಳೆಯ ನೆಲೆಯವರು ವಿಮಾನ ಹತ್ತಿಸುವುದಿಲ್ಲ.