ಚಂಚಲ ಚಿತ್ತವೋ, ಅವಧಾನದ ಕೊರತೆಯೋ?

ಅಷ್ಟಾವಧಾನದ ಸಭೆಯನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಎಂಟು ಮಂದಿ ಪೃಚ್ಛಕರು ಅವಧಾನಿಗಳ ಸುತ್ತ ಕುಳಿತಿರುತ್ತಾರೆ. ಒಬ್ಬರು ಪದ್ಯದ ಒಂದು ಪಾದವನ್ನು ಕೊಟ್ಟು ಉಳಿದುದನ್ನು ಪೂರ್ಣಮಾಡಿರೆನ್ನುತ್ತಾರೆ. ಇನ್ನೊಬ್ಬರು ಅಕ್ಷರ ಅಕ್ಷರಕ್ಕೂ ನಿಷೇಧವನ್ನೊಡ್ಡುತ್ತಾರೆ. ಮತ್ತೊಬ್ಬರಿಗೆ ‘ಅಪ್ರಸ್ತುತ ಪ್ರಸಂಗ’ವೇ ಕೆಲಸ. ಇವರು ನಡುನಡುವೆ ಸಂಬಂಧವಿಲ್ಲದ ಮಾತನ್ನೆತ್ತಿ ಅವಧಾನಿಗಳ ಚಿತ್ತವನ್ನು ಕದಡಲು ನೋಡುತ್ತಾರೆ. ಅವಧಾನಿಗಳು ಅವರಿಗೂ ಉತ್ತರವಿತ್ತು, ಬಿಟ್ಟ ಪದ್ಯದ ಎಳೆಯನ್ನು ಮತ್ತೆ ಹಿಡಿಯುತ್ತಾರೆ.

ಅವಧಾನವೆಂದರೆ ಗಮನವನ್ನು ಆಳುವ ಶಕ್ತಿ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು, ಬಿಟ್ಟುದಕ್ಕೆ ಎಂದು ಮರಳಬೇಕು ಎಂಬುದನ್ನು ಅದು ನಿರ್ಣಯಿಸುತ್ತದೆ. ಈ ಶಕ್ತಿ ಸ್ವಲ್ಪಮಟ್ಟಿಗೆ ನಮ್ಮೆಲ್ಲರಲ್ಲಿಯೂ ಉಂಟು. ಆದರೆ ಅಪ್ರಸ್ತುತ ಪ್ರಸಂಗದವರು ಸಭೆಯಲ್ಲಿರದೆ ನಮ್ಮ ತಲೆಯೊಳಗೇ ಬಿಡಾರ ಹೂಡಿದರೆ ಏನಾದೀತು? ಅಂತಹ ಸ್ಥಿತಿಯೊಂದನ್ನು ವೈದ್ಯಶಾಸ್ತ್ರವು ಗುರುತಿಸಿದೆ. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಅದನ್ನು ಕರೆಯಬಹುದು, ಎ.ಡಿ.ಎಚ್.ಡಿ. ಎಂಬುದು ವೈದ್ಯರು ಬಳಸುವ ಸಂಕ್ಷೇಪ. ವಯಸ್ಕರಲ್ಲಿ ಅದನ್ನು ಶಂಕಿಸುವುದು ಹೇಗೆ, ಶಂಕೆ ಬಂದರೆ ಮಾಡತಕ್ಕದ್ದೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಹಳೆಯ ತೊಂದರೆ, ಹೊಸ ತಿಳಿವಳಿಕೆ

1798ರಲ್ಲಿಯೇ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ನನು, ಗಮನವು ಒಂದೆಡೆ ನಿಲ್ಲಲಾರದ ಮನಸ್ಸಿನ ಅವಸ್ಥೆಯನ್ನು ತನ್ನ ಗ್ರಂಥವೊಂದರಲ್ಲಿ ವರ್ಣಿಸಿದನು. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯನು ಲಂಡನ್ನಿನಲ್ಲಿ ಉಪನ್ಯಾಸಗಳನ್ನು ಕೊಟ್ಟು, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳ ವಿಷಯವನ್ನು ಮುಂದಿಟ್ಟನು. ಇದು ಎಳೆಯರ ತೊಂದರೆ, ಬೆಳೆದಂತೆ ತಾನಾಗಿಯೇ ಕಳೆಯುತ್ತದೆ ಎಂದು ಬಹುಕಾಲ ಎಣಿಸಿದ್ದರು. ಅಮೆರಿಕದ ಮನೋವೈದ್ಯರ ಸಂಘವು 1968ರ ತನ್ನ ಕೈಪಿಡಿಯಲ್ಲಿ ಇದನ್ನು ಬಾಲ್ಯದ ತೊಂದರೆಯೆಂದೇ ಹೆಸರಿಸಿತ್ತು. ಅನಂತರ ಅಂತಹ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಅನೇಕರಲ್ಲಿ ಅದು ರೂಪ ಬದಲಿಸಿಕೊಂಡು ಉಳಿಯುವುದು ಕಂಡುಬಂದಿತು. ಇಂದು ವಯಸ್ಕರಲ್ಲಿ ನೂರಕ್ಕೆ ಸುಮಾರು 2-3 ಮಂದಿಗೆ ಇದು ಇದೆಯೆಂದು ಅಂದಾಜು.

ಇದಕ್ಕೆ ಕಾರಣ ಸೋಮಾರಿತನವಲ್ಲ, ತಾಯಿತಂದೆಯರ ಮುದ್ದೂ ಅಲ್ಲ. ವಂಶಪಾರಂಪರ್ಯದ ಪಾಲು ಇದರಲ್ಲಿ ಬಹು ದೊಡ್ಡದು. ಯೋಜನೆ, ಸಂಯಮ, ಕಾಲದ ಎಣಿಕೆ ಇವುಗಳನ್ನು ನಡೆಸುವ ಮಿದುಳಿನ ಮುಂಭಾಗದ ಕೆಲಸದಲ್ಲಿಯೂ, ಅಲ್ಲಿ ಸುದ್ದಿವಾಹಕಗಳಂತಿರುವ ಡೋಪಮೀನ್ ಮೊದಲಾದ ರಾಸಾಯನಿಕಗಳ ವ್ಯವಹಾರದಲ್ಲಿಯೂ ವ್ಯತ್ಯಾಸವಿರುತ್ತದೆ.

ಲಕ್ಷಣಗಳು

ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಮನೆಯಲ್ಲಿದ್ದಾಗ ತಾಯಿ ಎಬ್ಬಿಸುತ್ತಿದ್ದರು, ಚೀಲ ತುಂಬಿಸುತ್ತಿದ್ದರು, ಎದುರು ಕುಳಿತು ಓದಿಸುತ್ತಿದ್ದರು, ಅಂಕಗಳೂ ಬರುತ್ತಿದ್ದವು. ಕಾಲೇಜು ಸೇರಿ ಹಾಸ್ಟೆಲಿಗೆ ಬಂದ ಮೇಲೆ ಎಲ್ಲವೂ ಕುಸಿಯಿತು. ಶುಲ್ಕ ಕಟ್ಟುವ ದಿನ ಮರೆಯುತ್ತದೆ. ಬೀಗದ ಕೈ ಕಳೆಯುತ್ತದೆ. ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತದು. ಪ್ರಿಯವಾದ ಚಿತ್ರಕಲೆಯಲ್ಲಿ ಮಾತ್ರ ರಾತ್ರಿಯೆಲ್ಲ ಮುಳುಗಿರುತ್ತಾಳೆ. “ಬೇಕಾದದ್ದಕ್ಕೆ ಗಮನವಿದೆ, ಓದಿಗಿಲ್ಲವೇ?” ಎಂದು ಬಂಧುಗಳು ಗದರಿಸುತ್ತಾರೆ. ತಾನು ಕೆಲಸಕ್ಕೆ ಬಾರದವಳೆಂದು ಅವಳೂ ನಂಬತೊಡಗುತ್ತಾಳೆ.

ಇಲ್ಲಿ ಗಮನ ಇಲ್ಲವೆಂದಲ್ಲ. ಅದನ್ನು ಬೇಕೆಂದ ಕಡೆಗೆ ತಿರುಗಿಸುವ ಚುಕ್ಕಾಣಿ ಸಡಿಲವಾಗಿದೆ. ಬಾಲ್ಯದಲ್ಲಿ ಬೆಂಚಿನಿಂದ ಬೆಂಚಿಗೆ ಜಿಗಿಯುವ ಚಟುವಟಿಕೆಯು ವಯಸ್ಕರಲ್ಲಿ ಒಳಗಿನ ತಳಮಳವಾಗುವುದುಂಟು. ಇತರರ ಮಾತು ಮುಗಿಯುವ ಮೊದಲೇ ಉತ್ತರ ಕೊಡುವುದು, ಸರದಿಯಲ್ಲಿ ಕಾಯಲಾರದಿರುವುದು, ಆತುರದ ಖರ್ಚು ಇವೂ ಕಾಣಬಹುದು. ಚಟುವಟಿಕೆ ಹೊರಗೆ ತೋರದೆ ಕೇವಲ ಅನ್ಯಮನಸ್ಕತೆಯಿರುವವರು, ಅದರಲ್ಲಿಯೂ ಹೆಣ್ಣುಮಕ್ಕಳು, ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳದೆ ಉಳಿಯುತ್ತಾರೆ.

ನಾಲ್ಕು ಪ್ರಶ್ನೆಗಳು

ಮರೆವು, ಆಲಸ್ಯ, ಚಾಂಚಲ್ಯ ಯಾರಿಗಿಲ್ಲ? ಆದಕಾರಣ ಲಕ್ಷಣವೊಂದನ್ನು ಕಂಡೊಡನೆ ರೋಗದ ಹೆಸರನ್ನು ಅಂಟಿಸಿಕೊಳ್ಳುವುದು ತಪ್ಪು. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು.

ಮೊದಲನೆಯದು: ಎಂದಿನಿಂದ? ಮೇಲೆ ಹೇಳಿದ ಕೈಪಿಡಿಯ 2013ರ ಆವೃತ್ತಿಯ ಪ್ರಕಾರ ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮೊದಲೇ ತಲೆದೋರಿರಬೇಕು. ಕಳೆದ ತಿಂಗಳು ಹುಟ್ಟಿದ ಮರೆವಿಗೆ ಕಾರಣ ಬೇರೆಯಿದ್ದೀತು.

ಎರಡನೆಯದು: ಎಲ್ಲೆಲ್ಲಿ? ಗಣಿತದ ತರಗತಿಯಲ್ಲಿ ಮಾತ್ರ ಗಮನ ತಪ್ಪಿದರೆ ಅದು ಗಣಿತದ ಪ್ರಶ್ನೆ. ಮನೆ, ಕಾಲೇಜು, ಗೆಳೆಯರ ಕೂಟ ಹೀಗೆ ಎರಡು ಕಡೆಗಳಲ್ಲಾದರೂ ತೊಂದರೆ ಕಾಣಬೇಕು.

ಮೂರನೆಯದು: ಎಷ್ಟು ಹಾನಿ? ಅನ್ಯಮನಸ್ಕತೆಯ ಒಂಬತ್ತು, ಅತಿಚಟುವಟಿಕೆ ಮತ್ತು ದುಡುಕಿನ ಒಂಬತ್ತು ಲಕ್ಷಣಗಳನ್ನು ಕೈಪಿಡಿಯು ಎರಡು ಪಟ್ಟಿಗಳಲ್ಲಿ ಕೊಡುತ್ತದೆ. 17 ವರ್ಷ ತುಂಬಿದವರಲ್ಲಿ ಇವುಗಳಲ್ಲೊಂದು ಪಟ್ಟಿಯ ಐದಾದರೂ ಲಕ್ಷಣಗಳು ಆರು ತಿಂಗಳಿಗೆ ಕಡಮೆಯಿಲ್ಲದೆ ಇದ್ದು, ಬಾಳಿಗೆ ಅಡ್ಡಿಯಾಗಿರಬೇಕು.

ನಾಲ್ಕನೆಯದು: ಬೇರೆ ಕಾರಣವುಂಟೇ? ನಿದ್ದೆಗೇಡು, ಖಿನ್ನತೆ, ಆತಂಕ, ಥೈರಾಯ್ಡ್ ಗ್ರಂಥಿಯ ದೋಷ, ಮಾದಕ ಪದಾರ್ಥಗಳು ಇವೆಲ್ಲವೂ ಗಮನವನ್ನು ಕೆಡಿಸಬಲ್ಲವು. ನಡುರಾತ್ರಿ ಕಳೆದರೂ ಮೊಬೈಲ್ ಫೋನನ್ನು ಬಿಡದವನು ಬೆಳಗ್ಗೆ ತರಗತಿಯಲ್ಲಿ ತೂಕಡಿಸಿದರೆ ಅದರಲ್ಲಿ ಆಶ್ಚರ್ಯವೇನು? ಈ ನಾಲ್ಕನೆಯ ಪ್ರಶ್ನೆಗೆ ನಾವೇ ಉತ್ತರ ಹೇಳಿಕೊಳ್ಳಲಾರೆವು. ಆದುದರಿಂದಲೇ ತಜ್ಞರು ಬೇಕು.

ತಜ್ಞರ ಬಳಿಗೆ

ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ವಯಸ್ಕರಿಗಾಗಿ ಆರು ಪ್ರಶ್ನೆಗಳ ಚಿಕ್ಕ ಪಟ್ಟಿಯೊಂದಿದೆ. ಅದು ಜರಡಿಯೇ ಹೊರತು ತಕ್ಕಡಿಯಲ್ಲ. ಮುಂದಿನ ಪರೀಕ್ಷೆ ಬೇಕೋ ಬೇಡವೋ ಎಂಬಷ್ಟನ್ನು ಮಾತ್ರ ತಿಳಿಸುತ್ತದೆ. ರಕ್ತಪರೀಕ್ಷೆಯಿಂದಾಗಲಿ ಮಿದುಳಿನ ಸ್ಕ್ಯಾನಿನಿಂದಾಗಲಿ ಈ ತೊಂದರೆಯನ್ನು ನಿರ್ಣಯಿಸಲು ಬಾರದು. ಮನೋವೈದ್ಯರು ಅಥವಾ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಬಾಲ್ಯದಿಂದ ಇಂದಿನವರೆಗಿನ ವೃತ್ತಾಂತವನ್ನು ವಿಚಾರಿಸಿ, ಇತರ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ತೀರ್ಮಾನಕ್ಕೆ ಬರುತ್ತಾರೆ. ಹೋಗುವಾಗ ಹಳೆಯ ಅಂಕಪಟ್ಟಿಗಳನ್ನೂ, ಉಪಾಧ್ಯಾಯರು ಬರೆದ ಟಿಪ್ಪಣಿಗಳಿದ್ದರೆ ಅವನ್ನೂ ಒಯ್ಯುವುದು ಒಳ್ಳೆಯದು. ಬಾಲ್ಯವನ್ನು ಬಲ್ಲ ತಾಯಿಯೋ ಅಣ್ಣನೋ ಜೊತೆಗಿದ್ದರೆ ಇನ್ನೂ ಅನುಕೂಲ.

ನಮ್ಮ ನಾಡಿನವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಚಿಕಿತ್ಸೆಯುಂಟು

ಮೀಥೈಲ್‌ಫೆನಿಡೇಟ್ ಮೊದಲಾದ ಔಷಧಗಳು ಅನೇಕರಿಗೆ ಗುಣಕೊಡುತ್ತವೆ. ಆದರೆ ಮೀಥೈಲ್‌ಫೆನಿಡೇಟ್ 1985ರ ಮಾದಕವಸ್ತು ಕಾಯಿದೆಯ ಹತೋಟಿಗೆ ಒಳಪಟ್ಟಿದೆ. ರಕ್ತದೊತ್ತಡ, ಹೃದಯದ ಬಡಿತಗಳನ್ನು ವೈದ್ಯರು ನೋಡುತ್ತಿರಬೇಕಾಗುತ್ತದೆ. ಪರೀಕ್ಷೆಯ ಕಾಲದಲ್ಲಿ ಗೆಳೆಯನ ಮಾತ್ರೆಯನ್ನು ಎರವಲು ಪಡೆದು ನುಂಗುವುದು ಅಪಾಯಕರ, ಕಾನೂನಿಗೂ ವಿರುದ್ಧ. ಔಷಧದೊಡನೆ ಕೆಲಸವನ್ನು ಸಣ್ಣ ತುಂಡುಗಳಾಗಿ ಒಡೆಯುವುದು, ಕಾಲವನ್ನು ಕಣ್ಣಿಗೆ ಕಾಣುವಂತೆ ಗಡಿಯಾರವಿಟ್ಟುಕೊಳ್ಳುವುದು, ನೆನಪನ್ನು ನಂಬದೆ ಬರೆದಿಡುವುದು ಮೊದಲಾದ ಅಭ್ಯಾಸಗಳನ್ನೂ ತಜ್ಞರು ಕಲಿಸುತ್ತಾರೆ.

ಪರೀಕ್ಷೆಯ ಬಳಿಕ ‘ಇದು ಎ.ಡಿ.ಎಚ್.ಡಿ. ಅಲ್ಲ’ ಎಂದು ತಿಳಿದುಬಂದರೂ ಶ್ರಮ ವ್ಯರ್ಥವಲ್ಲ; ನಿಜವಾದ ಕಾರಣಕ್ಕೆ ದಾರಿ ತೆರೆದಂತಾಯಿತು. ‘ಹೌದು’ ಎಂದಾದರೆ, ಹತ್ತಾರು ವರ್ಷ ಹೊತ್ತ ‘ಸೋಮಾರಿ’ ಎಂಬ ಹೆಸರು ಅಲ್ಲಿಗೆ ಕಳಚಿ ಬೀಳುತ್ತದೆ. ದೃಷ್ಟಿ ಮಂದವಾದವನಿಗೆ ಕಣ್ಣರಳಿಸಿ ನೋಡೆಂದು ನಾವು ಗದರಿಸುವುದಿಲ್ಲ, ಕನ್ನಡಕ ಕೊಡಿಸುತ್ತೇವೆ. ಅವಧಾನದ ವಿಷಯದಲ್ಲಿಯೂ ಅದೇ ವಿವೇಕ ನಮಗಿರಲಿ.